ಚಿಕ್ಕಮ್ಮನ ಚೀಟಿ

ಕೈರೊ, ನವೆಂಬರ್ ೪, ಮಂಗಳವಾರ

ಸಂಜೆ ಇನ್ಶಿರಾ ಚಿಕ್ಕಮ್ಮ ಫೋನಿನಲ್ಲಿ ಕೂಗಾಡಿದಳು. "ಏನೇ, ನಿನ್ನ ಬ್ಯಾಂಕು ನನ್ನನ್ನ ಕಳ್ಳಿ ಅಂತಿದೆಯಲ್ಲೇ! ಖಾತೆಗೇ ಬೀಗ ಹಾಕಿದ್ದಾರೆ. ನಾಳೆ ಚೀಟಿ ಎತ್ತೋಳು ಸುಹೇರ್. ಮಗಳ ಮದುವೆ ಇಟ್ಕೊಂಡಿದ್ದಾಳೆ, ಅವಳಿಗೆ ಏನಂತ ಹೇಳ್ಲಿ?"

ಹಲವರಿಂದ ಸಣ್ಣ ಮೊತ್ತಗಳು ಬಂದು ಒಟ್ಟಾಗಿ ಒಬ್ಬರಿಗೇ ಹೋದರೆ ಅದು ಮೋಸ, ಖಾತೆ ನಿಲ್ಲಿಸು ಎಂದು ಬ್ಯಾಂಕಿನ ಕಂಪ್ಯೂಟರಿಗೆ ಕಲಿಸಿದವಳು ನಾನೇ. ಬೆಳಿಗ್ಗೆ ತಾನೇ ನಮ್ಮ ಮ್ಯಾನೇಜರ್ ವಗ್ದಿ ಸಾಹೇಬರು ಸಭೆಯಲ್ಲಿ ಚಪ್ಪಾಳೆ ಹೊಡೆಸಿದ್ದರು. "ಒಂದೇ ದಿನಕ್ಕೆ ಸಾವಿರಾರು ಕಳ್ಳರನ್ನ ಹಿಡಿದಿದ್ದಾಳೆ ನಮ್ಮ ಹುಡುಗಿ!"

ಕಳ್ಳರೇ? ಪ್ರತಿ ಕೇರಿಯಲ್ಲೂ ಚೀಟಿ ನಡೆಸುವ ಚಿಕ್ಕಮ್ಮಂದಿರು!

ಹಿಟ್ಟಿನ ಡಬ್ಬಿಯಲ್ಲಿದ್ದ ಚೀಟಿ ದುಡ್ಡನ್ನು ಖಾತೆಗೆ ಹಾಕು ಎಂದು ಚಿಕ್ಕಮ್ಮನನ್ನು ಕಾಡಿದವಳೂ ನಾನೇ. ಆ ನಿಯಮ ಬರೆಯುವಾಗ ನನಗೆ ಚೀಟಿಯ ನೆನಪೇ ಬರಲಿಲ್ಲವಲ್ಲ! ನನ್ನ ಕಂಪ್ಯೂಟರ್ ಓದಿಗೆ ಫೀಸು ಕಟ್ಟಿದ್ದು ಇದೇ ಚೀಟಿಯಿಂದ. ಅವತ್ತು ತನ್ನ ಸರದಿಯನ್ನು ನನಗೆ ಬಿಟ್ಟುಕೊಟ್ಟವಳು ಸುಹೇರ್.