ಕೂರದ ರಿಟೇನರ್

ಮಗಾ ಎಲಿಸಿಯೊ,

ಹಲ್ಲಿನ ಕ್ಲಿಪ್ ಬಿಚ್ಚಿಸಿದ ಮೇಲೆ ರಾತ್ರಿ ಹಾಕಿಕೊಳ್ಳಲು ಕೊಟ್ಟಿದ್ದ, ನೀನು ಒಂದು ದಿನವೂ ತಪ್ಪಿಸದ ರಿಟೇನರನ್ನು ಕಾಣೆಯಾದ ದಿನ ಮನೆಯಲ್ಲೇ ಬಿಟ್ಟಿದ್ದೆಯಲ್ಲ, ಅದನ್ನು ಇವತ್ತು ಎರ್ಮೊಸಿಯೊ ನಗರದ ಶವಾಗಾರಕ್ಕೆ ಒಯ್ದಿದ್ದೆ. ಮರುಭೂಮಿಯಲ್ಲಿ ನಮ್ಮ ತಾಯಂದಿರ ಗುಂಪು ಅಗೆದು ತೆಗೆದ ಎಲುಬು ನಿನ್ನದೇ ಎಂದು ಡಿಎನ್ಎ ಪರೀಕ್ಷೆ ಹೇಳಿತ್ತು. ನಾನು ನಂಬಲಿಲ್ಲ. ದವಡೆಗೆ ಇದನ್ನು ಹಾಕಿ ನೋಡಿ ಎಂದು ಹಠ ಹಿಡಿದೆ.

ಡಾಕ್ಟರಮ್ಮ ಹಾಕಿ ನೋಡಿದರು. ಕೂರಲಿಲ್ಲ.

"ನಾನ್ ಹೇಳ್ಲಿಲ್ವೇನೇ? ನಿನ್ ಮಗ, ಆ ಕಳ್ಳ, ಎಲ್ಲೋ ಟಾಕೊ ತಿಂತಾ ಕೂತಿರ್ತಾನೆ," ಎಂದು ಜೊತೆಗೆ ಬಂದಿದ್ದ ನಮ್ಮ ಗುಂಪಿನ ರೊಸೆಂದಾ ನನ್ನ ಬೆನ್ನಿಗೆ ಗುದ್ದಿದಳು. ನಾನೂ ನಕ್ಕುಬಿಟ್ಟೆ.

ಡಾಕ್ಟರಮ್ಮ ನಗಲಿಲ್ಲ. "ಇವನು ನಿಮ್ಮ ಮಗನೇ, ತಾಯಿ. ರಿಟೇನರ್ ಹಾಕದಿದ್ರೆ ಹಲ್ಲು ಹಳೇ ಜಾಗಕ್ಕೆ ಸರಿಯುತ್ತೆ. ಇಷ್ಟು ಸರಿಯೋಕೆ ತಿಂಗಳುಗಟ್ಟಲೆ ಬೇಕು. ಸತ್ತವರ ಹಲ್ಲು ಹಾಗೆ ಸರಿಯೋದಿಲ್ಲ."

ರೊಸೆಂದಾ ನನ್ನ ಕೈ ಹಿಡಿದುಕೊಂಡಳು.

ನಮ್ಮಲ್ಲಿ ಮಕ್ಕಳು ಕಾಣೆಯಾದರೆ ತಾಯಂದಿರು ನೆಲವನ್ನೇ ಹುಡುಕುತ್ತೇವೆ. ನಿನ್ನನ್ನು ಎಳೆದೊಯ್ದ ವಾರವೇ ನಾನೂ ಕಬ್ಬಿಣದ ಸರಳು ಹಿಡಿದು ಹೊರಟೆ. ಮರಳಿಗೆ ಚುಚ್ಚುವುದು, ಹೊರಗೆಳೆದು ಹೆಣದ ವಾಸನೆ ಇದೆಯಾ ಎಂದು ತುದಿ ಮೂಸುವುದು, ಮುಂದಕ್ಕೆ ಹೋಗುವುದು. ನೀನು ಎಲ್ಲೋ ಬದುಕಿದ್ದ ಆ ತಿಂಗಳುಗಳಲ್ಲೆಲ್ಲ ತಲೆ ತಗ್ಗಿಸಿಯೇ ನಡೆದೆ, ಮಗಾ. ಒಂದು ಮನೆಯ ಬಾಗಿಲನ್ನೂ ತಟ್ಟಲಿಲ್ಲ.

ಅಮ್ಮ