ರಗ್ನಾ ಅಜ್ಜಿಯ ಬೆಳ್ಳಿ

ಹಾರ್ಡಾಂಗರ್, 1952
ಮೇ 5

ಬೆಳಗ್ಗೆಯಿಂದ ಹನ್ನೆರಡು ಫೋರ್ಕಿಗೆ ಪಾಲಿಶ್. ಬೆರಳ ಸಂದಿಯೆಲ್ಲ ಕಪ್ಪು. ಜೂನ್ ಏಳಕ್ಕೆ ನಮ್ಮ ಕಾರ್ಖಾನೆಗೆ ಐವತ್ತು ವರ್ಷ. ಕಾರ್ಖಾನೆ ಎಂದರೆ ದೊಡ್ಡ ಮಾತು... ಬೆಳ್ಳಿ ಬಡಿಯಲು ಮೂರು ಅಡಿಗಲ್ಲು, ಒಂದು ಕುಲುಮೆ, ಆರು ಜನ. ಆದರೂ ಫ್ಯೋರ್ಡಿನ, ಈ ಕಡಲ ಕವಲಿನ, ಎರಡೂ ದಡದಲ್ಲಿ ನಮ್ಮ ಚಮಚವಿಲ್ಲದ ಮನೆ ಇದ್ದರೆ ತೋರಿಸಲಿ!

ದೊಡ್ಡಪ್ಪ ಆಸ್ಲಾಕ್ ಗಾಜಿನ ಬೀರು ಮಾಡಿಸಿದ್ದಾರೆ. ಮೇಲಿನ ಖಾನೆ ಕಾರ್ಖಾನೆ ಕಟ್ಟಿದ ತಾತನ ಕೆಲಸಕ್ಕೆ. ಆದರೆ ತಾತ ಬಡಿದದ್ದು ನಮ್ಮಲ್ಲಿ ಒಂದೂ ಇಲ್ಲ. ಎಲ್ಲ ಮಾರಿದ್ದು.

ಮೇ 7

ಸಿಕ್ಕಿತು! ಆಚೆ ದಡದ ರಗ್ನಾ ಅಜ್ಜಿ ಕರ್ಚೀಫಿನಲ್ಲಿ ಸುತ್ತಿ ಒಂದು ಚಮಚ ತಂದರು. ತಾತನ ಮುದ್ರೆ, 1904. ಗಂಜಿ ಪಾತ್ರೆ ಕೆರೆದು ಕೆರೆದು ಎಡ ಅಂಚು ಸವೆದಿದೆ.

"ಇದನ್ನ ಕರಗ್ಸಿ, ಮರಿಮೊಮ್ಮಗಳ ನಾಮಕರಣಕ್ಕೆ ಪುಟ್ಟ ಚಮಚ ಮಾಡ್ಕೊಡಿ."

ಚಮಚವನ್ನು ಕೈಯಲ್ಲೇ ಹಿಡಿದುಕೊಂಡೆ. "ಅಜ್ಜಿ, ಇದನ್ನ ನಮಗೆ ಬಿಡಿ. ಹೊಸ ಬೆಳ್ಳೀಲಿ ಎರಡು ಕೊಡ್ತೀವಿ."

"ನಿಮ್ ಬೆಳ್ಳಿ ನಂಗ್ಯಾಕೆ? ಇದು ನಮ್ಮಮ್ಮನ ರವಿಕೆಯ ಬೆಳ್ಳಿ ಗುಂಡಿಗಳು ಕಣೇ. ನಿಮ್ ತಾತ ನನ್ನೆದುರೇ ಕರಗ್ಸಿ ಚಮಚ ಮಾಡ್ದ. ಅಮ್ಮ ಅತ್ಲು. ಆಮೇಲೆ ಅದ್ರಲ್ಲೇ ಗಂಜಿ ತಿಂದ್ಲು."

ದೊಡ್ಡಪ್ಪ ಅಂಗಲಾಚಿದರು. "ಬೀರುನಲ್ಲಿಟ್ರೆ ಎಲ್ರೂ ನೋಡ್ತಾರೆ, ರಗ್ನಮ್ಮ."

"ನೋಡಿ ಏನ್ಮಾಡ್ತಾರೆ? ಗಾಜು ನೆಕ್ತಾರಾ?" ಅಜ್ಜಿ ನನ್ನ ಕಡೆ ತಿರುಗಿದರು. "ಇವಳೇ ಬಡೀಲಿ. ನಿನ್ ಕೈ ನಡುಗುತ್ತೆ, ಆಸ್ಲಾಕ್. ಕಾಫಿ ಲೋಟ ಹಿಡ್ದಾಗ್ಲೇ ನೋಡ್ದೆ."

ನಡುಕದ ಮಾತು, ಹೆಣ್ಣು ಬಡಿಯುವ ಮಾತು, ಎರಡನ್ನೂ ನಮ್ಮಲ್ಲಿ ಯಾರೂ ಆಡುವುದಿಲ್ಲ. ಹೆಂಗಸರಿಗೆ ಪಾಲಿಶ್, ಗಂಡಸರಿಗೆ ಸುತ್ತಿಗೆ. ಎರಡು ವರ್ಷದಿಂದ ಊಟದ ಬಿಡುವಿನಲ್ಲಿ ತಾಮ್ರ ಬಡಿದು ಕಲಿತಿದ್ದೇನೆ — ಎಲ್ಲರಿಗೂ ಗೊತ್ತು, ಯಾರೂ ಕೇಳಿಲ್ಲ. ದೊಡ್ಡಪ್ಪ ಲೋಟ ಇಟ್ಟು ಒಳಗೆ ಹೋದರು.

ಮೇ 12

ಐದು ದಿನ ದೊಡ್ಡಪ್ಪ ಬಡಿ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಚಮಚವನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡೆ. ಅಳೆದೆ. ಕಣ್ಣು ಮುಚ್ಚಿ ಸವರಿದೆ. ಆಮೇಲೆ ಬೆಳ್ಳಿ ಕರಗಿಸುವ ಮೂಸೆಗೆ ಹಾಕಿದೆ. ಅತ್ತುಬಿಟ್ಟೆ. ಕೇಳಿದವರಿಗೆ ಹೊಗೆ ಎಂದೆ. ಇದು ಕೆಟ್ಟರೆ ತಾತನದೂ ಹೋಯಿತು, ನನ್ನದೂ ಹೋಯಿತು.

ಮೇ 13

ಹೊಸ ಚಮಚದ ಕತ್ತಿನ ಹತ್ತಿರ ಬಿರುಕು. ಮತ್ತೆ ಕರಗಿಸಿ ಮೊದಲಿಂದ. ಬೆನ್ನ ಹಿಂದೆ ದೊಡ್ಡಪ್ಪನ ದನಿ: "ಇನ್ನೊಂದ್ಸಲ ಕಾಯ್ಸು. ಇನ್ನೂ ಗಡುಸಾಗಿದೆ, ಸುತ್ತಿಗೆ ಸದ್ದು ಕೇಳ್ಸಲ್ವಾ?"

ಕೇಳಿಸಿತು.

ಮೇ 24

ಮುಗಿಯಿತು. ನಾಚಿಕೆ ಬಿಟ್ಟು ಬರೆಯುತ್ತೇನೆ: ಚೆನ್ನಾಗಿದೆ. ತುಂಬಾ ಚೆನ್ನಾಗಿದೆ. ನಾಳೆ ಚರ್ಚಿನಲ್ಲಿ ನಾಮಕರಣ. ಅಜ್ಜಿ ಬಂದು, ಬರಿ ಚಮಚವನ್ನು ಬಾಯಲ್ಲಿಟ್ಟು ನೋಡಿ, ನನ್ನ ಕೆನ್ನೆ ಹಿಂಡಿ ಹೋದರು. ಇನ್ನೂ ಉರಿಯುತ್ತಿದೆ.

ಜೂನ್ 7, ಮಧ್ಯಾಹ್ನ

ಅಂಗಳದ ತುಂಬ ಜನ. ಬೀರುವಿನ ಮೇಲಿನ ಖಾನೆ ಖಾಲಿ. ದೊಡ್ಡಪ್ಪ ಬೇರೆ ಏನನ್ನೂ ಇಡಲು ಬಿಡಲಿಲ್ಲ. ಪತ್ರಿಕೆಯವನು ಕೇಳಿದ, "ಸ್ಥಾಪಕರ ಕೆಲಸ ಎಲ್ಲಿ ಸಾರ್?"

ರಗ್ನಾ ಅಜ್ಜಿಯ ತೊಡೆಯ ಮೇಲೆ ಮಗು, ಮೂಗಿನವರೆಗೂ ಹುಳಿಕೆನೆ ಗಂಜಿ. ಚಮಚ ಕಚ್ಚಿಕೊಂಡು ಬಿಡುತ್ತಿಲ್ಲ. ದೊಡ್ಡಪ್ಪ ಅತ್ತ ಬೆರಳು ತೋರಿಸಿದರು.

"ಅಲ್ಲಿ. ಬೆಳ್ಳಿ ಆ ಅಜ್ಜಿ ಮನೇದು. ಬಡಿದವಳು ನನ್ ತಮ್ಮನ ಮಗಳು. ಯೋರುನ್. ಹೆಸರು ಸರಿಯಾಗಿ ಬರ್ಕೊಳಪ್ಪ. ಪಾಲಿಶ್‌ನವಳು ಅಂತ ಹಾಕ್ಬೇಡ. ಚಮಚ ಬಡಿಯೋಳು ಅಂತ ಹಾಕು."

ಒಳಗೆ ಓಡಿ ಬಂದು ಇದನ್ನು ಬರೆಯುತ್ತಿದ್ದೇನೆ. ದೊಡ್ಡಪ್ಪ ಹೊರಗಿಂದ ಕೂಗುತ್ತಿದ್ದಾರೆ, ಫೋಟೋಗೆ. ಈ ಮಸಿ ಏಪ್ರನ್ ತೆಗೆಯಲೋ... ಬೇಡ. ಹೀಗೇ ನಿಲ್ಲುತ್ತೇನೆ, ಅಡಿಗಲ್ಲಿನ ಪಕ್ಕ, ಸುತ್ತಿಗೆ ಹಿಡಿದು —