ಕರಿ ಕೋಟಿನ ಸೀಳು

ಮಾರ್ಚ್ 9, ಸೋಮವಾರ

ಪ್ರೀತಿಯ ಸೂಜಿಗೆ,

ನಿನ್ನ ಕತ್ತರಿಯ ನಮಸ್ಕಾರ. ಆಪರೇಷನ್ ಆಗಿ ಆರು ವಾರವಾದರೂ ಒಂದು ಸಾಲು ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈಯಿ, ಆದರೆ ಅಕ್ಷರ ನೋಡಿ ಬೈಯಿ. ಈ ಕಾಗೆ ಕಾಲು ಗುಬ್ಬಿ ಕಾಲು ಬರೆಯಲು ನಾಲ್ಕು ದಿನ ಹಿಡಿಯಿತು.

ಕುತ್ತಿಗೆಗೆ ಪಟ್ಟಿ ಹಾಕಿದ್ದಾರೆ, ತಲೆ ತಗ್ಗಿಸುವ ಹಾಗಿಲ್ಲ. "ಮದುವೆಯಾದ ಮೇಲೆ ಈಗ್ಲೇ ನೀವು ನನ್ನ ಮುಖ ನೋಡಿ ಮಾತಾಡ್ತಿರೋದು" ಎಂದು ನಿನ್ನ ಅತ್ತಿಗೆ ಹಂಗಿಸುತ್ತಾಳೆ. ಗೋಡೆ ಹಿಡಿಯದೆ ಬಾಗಿಲವರೆಗೆ ನಡೆಯುತ್ತೇನೆ. ಅಂಗಿಯ ಎರಡು ಗುಂಡಿ ನಾನೇ ಹಾಕಿಕೊಳ್ಳುತ್ತೇನೆ, ಉಳಿದವು ಅವಳ ಪಾಲು.

ಇಪ್ಪತ್ತೆರಡು ವರ್ಷ ಒಂದೇ ಅಂಗಡಿಯಲ್ಲಿ ನಾನು ಬಟ್ಟೆ ಕತ್ತರಿಸಿದೆ, ನೀನು ಗುಂಡಿಗೆ ಕಾಜಾ ಹೊಲಿದೆ. ಒಂದು ಕೋಟು ಹಾಳಾಯಿತೆಂದು ನಿನ್ನನ್ನು ಹೊರಗೆ ಹಾಕಿದೆ. ಮೂರು ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಎದುರಾದಾಗ ನೀನು ಮುಖ ತಿರುಗಿಸಬಹುದಿತ್ತು. ನಾನು ಕಾಲಗಲಿಸಿ ತೂರಾಡುವುದನ್ನು ಕಂಡು "ಹಗಲಲ್ಲೇ ಹಾಕ್ಕೊಂಡ್ಯೇನೋ?" ಎಂದೆ ನೀನು. ಆಮೇಲೆ ನನ್ನ ಅಂಗಿ ನೋಡಿದೆ. "ಗುಂಡಿ ಹಾಕ್ಕೊಳ್ಳೋಕೆ ಬರದ ದರ್ಜಿ ಎಲ್ಲಾದ್ರೂ ಇದ್ದಾನೇನೋ? ಒಂದು ಕಾಲಲ್ಲಿ ಚಪ್ಪಲಿನೂ ಇಲ್ಲ, ಗೊತ್ತಾಗ್ಲಿಲ್ವಾ? ಬಾಯಿ ಮುಚ್ಕೊಂಡು ಆಸ್ಪತ್ರೆಗೆ ನಡಿ!"

ನೀನು ಔಷಧಿ ತರಲು ಹೋದಾಗ ಡಾಕ್ಟರಮ್ಮ ಹೇಳಿದ್ದನ್ನು ಕೇಳು. ಕುತ್ತಿಗೆಯಲ್ಲಿ ಬೆನ್ನುಹುರಿ ಹಾದುಹೋಗುವ ಜಾಗ ಇಕ್ಕಟ್ಟಾಗಿ, ಹುರಿ ಅದುಮಿಹೋಗಿತ್ತಂತೆ. ಕೆಲವರಿಗೆ ಬಿದ್ದ ಪೆಟ್ಟಿನಿಂದ, ಕೆಲವರಿಗೆ ಗಡ್ಡೆಯಿಂದ, ಇಲ್ಲವೇ ಒಳಗೆ ಕೀವು ತುಂಬಿ ಹೀಗಾಗುತ್ತದೆ. ನನಗೆ ಮೂಳೆಗಳ ನಡುವಿನ ಮೆತ್ತೆ ಸವೆದು ಉಬ್ಬಿತ್ತು. ಪುಟ್ಟ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು ನೋಡು, ಕಾಲು ಹೇಗೆ ಒದೆಯಿತೆಂದರೆ, ಅವರ ಕನ್ನಡಕ ಉಳಿದದ್ದೇ ಪುಣ್ಯ! "ಕತ್ತು ಬಗ್ಗಿಸಿದ್ರೆ ಬೆನ್ನಲ್ಲಿ ಕರೆಂಟ್ ಹೊಡೆದ ಹಾಗಾಗುತ್ತಾ? ಬೆರಳು ಮರಗಟ್ಟುತ್ತಾ? ಮೂತ್ರಕ್ಕೆ ತಡೆಯೋಕಾಗಲ್ವಾ?" ಎಲ್ಲಕ್ಕೂ ಹೌದೆಂದೆ. "ಆದ್ರೆ ನೋವೇ ಇರ್ಲಿಲ್ಲಮ್ಮ."

"ಎಷ್ಟೋ ಜನಕ್ಕೆ ಇರಲ್ಲ, ಅದಕ್ಕೇ ತಡವಾಗಿ ಬರ್ತಾರೆ. ಇನ್ನಷ್ಟು ಹಾಳಾಗದ ಹಾಗೆ ತಡೀಬಹುದು. ಹೋಗಿದ್ದೆಲ್ಲಾ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ" ಎಂದರು.

ಉಳಿದಷ್ಟು ನಿನ್ನಿಂದ ಉಳಿಯಿತು ಕಣೋ. ನೀನು ನನ್ನನ್ನು ಎಳೆದುಕೊಂಡು ಹೋಗದಿದ್ದರೆ ಇಷ್ಟು ಹೊತ್ತಿಗೆ ಹಾಸಿಗೆ ಹಿಡಿದಿರುತ್ತಿದ್ದೆ. ನೀನೂ ನಿನ್ನ ಮಕ್ಕಳೂ ನೂರು ಕಾಲ ಚೆನ್ನಾಗಿರಿ. ಆ ಬೆರಳುಗಳಿಗೆ ಯಾವತ್ತೂ ಏನೂ ಆಗದಿರಲಿ.

ನಿನ್ನ,
ಕತ್ತರಿ

ತಾ.ಕ.: ಯಾವಾಗಿನಿಂದ ಹೀಗೆ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ "ಒಂದು ತಿಂಗಳು" ಎಂದೆ. ಸುಳ್ಳು. ಆ ಕರಿ ಕೋಟಿನ ದಿನವೇ ಗೊತ್ತಿತ್ತು. ನೀನು ಕಾಜಾ ಮುಗಿಸಿ ಊಟಕ್ಕೆ ಹೋಗಿದ್ದೆ. ನಾನು ನನ್ನ ದೊಡ್ಡ ಕತ್ತರಿಯಿಂದ ದಾರದ ತುದಿ ಕತ್ತರಿಸಲು ಹೋದೆ. ಬೆರಳಿಗೆ ಕತ್ತರಿ ಇರುವುದೇ ತಿಳಿಯಲಿಲ್ಲ, ಕೋಟಿನ ಎದೆಭಾಗ ಸೀಳಿಹೋಯಿತು. ದರ್ಜಿಯ ಕೈ ಹೋಯಿತೆಂದರೆ ಅಂಗಡಿಗೆ ಯಾರು ಬರುತ್ತಾರೆ ಎಂದು ಹೆದರಿ, ಗಿರಾಕಿಯ ಮುಂದೆ ನಿನ್ನತ್ತ ಕೈ ತೋರಿಸಿದೆ. ಕಳೆದ ವಾರ ಆ ಗಿರಾಕಿಯನ್ನು ಮನೆಗೆ ಕರೆಸಿ ನಿಜ ಹೇಳಿದೆ. ನಿನಗೆ ಹೇಳಲು ಇನ್ನೂ ನಾಲ್ಕು ದಿನ ಬೇಕಾಯಿತು. ಅಂದು ನೀನು ಆ ಸೀಳನ್ನೊಮ್ಮೆ ನೋಡಿ, ಸೂಜಿಡಬ್ಬಿ ಎತ್ತಿಕೊಂಡು ಹೊರಟೆ. ನಿನ್ನ ಕಾಜಾ ಕತ್ತರಿ ಬೆರಳುದ್ದ. ಅದರಿಂದ ಅಂಥ ಸೀಳು ಬೀಳುವುದಿಲ್ಲವೆಂದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬಸ್ ನಿಲ್ದಾಣದಲ್ಲಿ ನನ್ನ ತೋಳು ಹಿಡಿದೆ.